ಮಾಡೆಲ್ ರೈಲಿನ ಲೋಹದ ಚಕ್ರ, ಬದಲಿ ಭಾಗಗಳಿಗೆ ಕಪ್ಪು ಹಿಡಿಸುವುದು ಹೇಗೆ?

ಹಳಿಜಾಡು, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ಎಚ್‌ಓ ಅಳತೆಯಲ್ಲಿ, ಅಂದರೆ 1:87ರಲ್ಲಿ, ನಮ್ಮ ಹಳೇ ನೀಲಿ ಐಸಿಎಫ್ (ಚೆನ್ನೈ ಕಾರ್ಖಾನೆಯ) ಬೋಗಿಗಳ ರೇಕ್, ಅಂದರೆ ಒಂದು ರೈಲಿನ ಪೂರ್ತಿ ಬೋಗಿ ಸಾಲು, ಮಾಡುತ್ತಿದ್ದೇನೆ. ಮೊದಲಿದ್ದ ಪ್ಲಾಸ್ಟಿಕ್ ಚಕ್ರಗಳನ್ನೆಲ್ಲ ತೆಗೆದು ಲೋಹದ ಚಕ್ರ ಹಾಕಿದ್ದೇನೆ. ಓಟ ತುಂಬಾ ಹಗುರ ಆಗಿದೆ. ಹಳಿ ಮೇಲೆ ಕರಿ ಜಿಡ್ಡು ಕೂರುವುದೂ ಕಡಿಮೆಯಾಗಿದೆ.

ತೊಂದರೆ ನೋಟದ್ದು. ಬೋಗಿಯ ಅಡಿಯಲ್ಲಿ ಹೊಸ ನಾಣ್ಯ ಅಂಟಿಸಿದ ಹಾಗೆ ಚಕ್ರಗಳು ಫಳಫಳ ಹೊಳೆಯುತ್ತವೆ. ಫೋಟೋ ತೆಗೆದರೆ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ.

ಬದಲಿ ಭಾಗಗಳು ಇನ್ನೂ ಇವೆ. ಹಿತ್ತಾಳೆ ತಂತಿಯ ಕೈಹಿಡಿಗಳು, ಬೋಗಿ ತುದಿಯಲ್ಲಿ ಡಿಕ್ಕಿ ತಡೆಯುವ ವೈಟ್‌ಮೆಟಲ್ (ತವರದ ಮಿಶ್ರಲೋಹ) ಬಫರ್, ಮೀಟರ್ ಗೇಜಿನ ವೈಪಿ ಸ್ಟೀಮ್ ಇಂಜಿನ್ನಿಗೆ ಚಕ್ರ ಜೋಡಿಸುವ ನಿಕಲ್ ಸಿಲ್ವರ್ ತಗಡಿನ ರಾಡುಗಳು, ಬೋಗಿಗಳನ್ನು ಒಂದಕ್ಕೊಂದು ಕೊಂಡಿ ಹಾಕುವ ಲೋಹದ ಕಪ್ಲರ್. ಬಣ್ಣ ಹೊಡೆಯಲಾ, ಇಲ್ಲ ಕೆಮಿಕಲ್‌ನಲ್ಲಿ ಕಪ್ಪು ಮಾಡಲಾ? ಒಂದೇ ಬಾಟಲಿ ಎಲ್ಲದಕ್ಕೂ ಆಗುತ್ತದಾ?

ಡರ್ಬಿ ಕನ್ನಡಿಗ

ಒಂದೇ ಬಾಟಲಿ ಎಲ್ಲದಕ್ಕೂ ಆಗಲ್ಲ. ಈ ಕೆಲಸದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ "ಯಾವ ದ್ರಾವಣ" ಅಂತಲ್ಲ, "ಯಾವ ಲೋಹ" ಅಂತ. ಲೋಹ ಗೊತ್ತಾದರೆ ದ್ರಾವಣ ತಾನಾಗಿಯೇ ಗೊತ್ತಾಗುತ್ತದೆ.

ಬಣ್ಣ ಯಾಕೆ ಬೇಡ ಅಂತ ಹೇಳುತ್ತೇನೆ. ಬಣ್ಣ ಲೋಹದ ಮೇಲೆ ಕೂರುವ ಪದರ. ಅದಕ್ಕೆ ದಪ್ಪ ಇದೆ. ರಾಡಿನ ತೂತಿನಲ್ಲಿ, ಕಪ್ಲರಿನ ಸಂದಿನಲ್ಲಿ, ಆಕ್ಸಲ್ ತುದಿಯಲ್ಲಿ ಆ ದಪ್ಪ ಸಾಕು ಓಟ ಕೆಡಿಸಲು. ಕೈ ತಾಗುವ ಕಡೆ, ಒಂದಕ್ಕೊಂದು ಉಜ್ಜುವ ಕಡೆ ಕಿತ್ತುಬರುತ್ತದೆ. ಕೆಮಿಕಲ್ ಕಪ್ಪು ಹಾಗಲ್ಲ. ಲೋಹದ ಮೇಲ್ಮೈಯೇ ಬದಲಾಗುತ್ತದೆ. ಪದರ ಎಷ್ಟು ತೆಳು ಅಂದರೆ ಅಳತೆಯಲ್ಲಿ ವ್ಯತ್ಯಾಸವೇ ಕಾಣಲ್ಲ. ಸಣ್ಣ ರಿವೆಟ್ ಸಾಲುಗಳೂ ಮುಚ್ಚಿಹೋಗುವುದಿಲ್ಲ. ಮೇಲೆ ಬಣ್ಣ ಹೊಡೆಯುವುದಿದ್ದರೂ ಅಡಿಯಲ್ಲಿ ಕಪ್ಪು ಮಾಡಿದರೆ ಒಳ್ಳೆಯದು. ಮುಂದೆ ಎಲ್ಲಾದರೂ ಕೆತ್ತಿಹೋದರೆ ಹಳದಿ ಹಿತ್ತಾಳೆ ಇಣುಕುವುದಿಲ್ಲ.

ನಿಮ್ಮ ಪಟ್ಟಿಗೆ ಬರೋಣ. ಹಿತ್ತಾಳೆ ತಂತಿಗೆ ಹಿತ್ತಾಳೆಯ ದ್ರಾವಣ. ಇಲ್ಲಿ ಇಂಗ್ಲೆಂಡಿನಲ್ಲಿ ಕಾರ್ಸ್ (Carr's) ಕಂಪನಿಯದ್ದು ಹಿತ್ತಾಳೆಗೆ ಬೇರೆ, ನಿಕಲ್ ಸಿಲ್ವರಿಗೆ ಬೇರೆ, ವೈಟ್‌ಮೆಟಲ್‌ಗೆ ಬೇರೆ ಬಾಟಲಿ ಬರುತ್ತದೆ. ಅಮೆರಿಕದವರು ಬರ್ಚ್‌ವುಡ್ ಕೇಸಿ ಕಂಪನಿಯ ಬ್ರಾಸ್ ಬ್ಲ್ಯಾಕ್ ಜಾಸ್ತಿ ಬಳಸುತ್ತಾರೆ. ಅದು ಹಿತ್ತಾಳೆ, ತಾಮ್ರ, ಕಂಚಿಗೆ ಮಾಡಿದ್ದು. ಅಲ್ಯೂಮಿನಿಯಂಗೆ ಅವರದ್ದೇ ಬೇರೆ ದ್ರಾವಣ ಇದೆ. ಕಬ್ಬಿಣ, ಉಕ್ಕಿಗೆ ಬಂದೂಕಿನ ನಳಿಗೆಗೆ ಹಚ್ಚುವ ಗನ್ ಬ್ಲೂ ಸಾಕು.

ನಿಕಲ್ ಸಿಲ್ವರ್ ಅಂದರೆ ನಮ್ಮ ಹಳಬರು ಜರ್ಮನ್ ಸಿಲ್ವರ್ ಅನ್ನುತ್ತಿದ್ದ ಲೋಹ. ತಾಮ್ರ, ನಿಕಲ್, ಸತು ಸೇರಿದ್ದು. ಬೆಳ್ಳಿ ಒಂದಿಷ್ಟೂ ಇಲ್ಲ. ಹಿತ್ತಾಳೆಗಿಂತ ನಿಧಾನವಾಗಿ ಕಪ್ಪು ಹಿಡಿಯುತ್ತದೆ, ಕಾಯಬೇಕು. ಸ್ಟೇನ್‌ಲೆಸ್ ಸ್ಟೀಲ್ ತಂತಿ ಏನಾದರೂ ಇದ್ದರೆ ಬಿಟ್ಟುಬಿಡಿ. ಅದರ ಮೇಲಿನ ಕ್ರೋಮಿಯಂ ಪೊರೆ ಈ ತಣ್ಣನೆ ದ್ರಾವಣಗಳಿಗೆ ಜಗ್ಗಲ್ಲ. ಅದರ ಬದಲು ಹಿತ್ತಾಳೆ ಅಥವಾ ಫಾಸ್ಫರ್ ಬ್ರಾಂಜ್ ತಂತಿ ಹಾಕಿ.

ಕೆಮಿಸ್ಟ್ರಿ ಮೇಡಂ, ಶಿವಮೊಗ್ಗ

ಡರ್ಬಿಯವರು ಹೇಳಿದ್ದು ಸರಿ. ಒಳಗೆ ಏನಾಗುತ್ತದೆ ಅಂತ ತಿಳಿದುಕೊಂಡರೆ ಕೈ ತಪ್ಪುವುದು ಕಡಿಮೆ, ಅದಕ್ಕೆ ಬರೆಯುತ್ತಿದ್ದೇನೆ.

ಇಂಥ ಹೆಚ್ಚಿನ ದ್ರಾವಣಗಳಲ್ಲಿ ಸೆಲೆನಿಯಂ ಸಂಯುಕ್ತ ಇರುತ್ತದೆ, ಜೊತೆಗೆ ಆಸಿಡ್, ತುಂಬಾ ಸಲ ತಾಮ್ರದ ಲವಣ. ಉಕ್ಕಿನ ಮೇಲೆ ಹಾಕಿದಾಗ ತಾಮ್ರ ಮತ್ತು ಸೆಲೆನಿಯಂ ಸೇರಿ ಕಪ್ಪು ಸೆಲೆನೈಡ್ ಆಗಿ ಕೂರುತ್ತದೆ. ಹಿತ್ತಾಳೆಯಲ್ಲಿ ತಾಮ್ರ ಲೋಹದಲ್ಲೇ ಇದೆ. ಹಾಗಾಗಿ ದ್ರಾವಣ ಲೋಹವನ್ನು ಮುಟ್ಟಲೇಬೇಕು. ನಡುವೆ ಬೆರಳಿನ ಜಿಡ್ಡು ಇದ್ದರೆ, ಅಂಗಡಿಯವರು ಹೊಡೆದ ಲ್ಯಾಕರ್ ಇದ್ದರೆ, ಬೆಸುಗೆಯ ಫ್ಲಕ್ಸ್ ಉಳಿದಿದ್ದರೆ ಅಲ್ಲಿ ಕಪ್ಪು ಬರುವುದಿಲ್ಲ. ತೇಪೆ ತೇಪೆ ಬಂತು ಅನ್ನುವವರಲ್ಲಿ ಹೆಚ್ಚಿನವರ ತೊಂದರೆ ದ್ರಾವಣದ್ದಲ್ಲ, ತೊಳೆದದ್ದರದ್ದು.

ತೊಳೆಯುವ ಕ್ರಮ ಹೀಗಿರಲಿ. ಲ್ಯಾಕರ್ ಇದ್ದರೆ ಅಸಿಟೋನ್. ಆದರೆ ಪ್ಲಾಸ್ಟಿಕ್ ಇರುವ ಭಾಗಕ್ಕೆ ಅಸಿಟೋನ್ ತಾಗಿಸಬೇಡಿ, ಕರಗುತ್ತದೆ. ಆಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿ. ಹಿತ್ತಾಳೆ ಮಂಕಾಗಿದ್ದರೆ ಹುಣಸೆಹಣ್ಣಿನ ನೀರಿನಲ್ಲಿ ಸ್ವಲ್ಪ ಹೊತ್ತು ಇಡಿ. ಅಜ್ಜಿಯಂದಿರು ದೇವರ ಸಾಮಾನು ಬೆಳಗುವುದು ಸುಮ್ನೆ ಅಲ್ಲ, ಹುಣಸೆಯ ಟಾರ್ಟಾರಿಕ್ ಆಸಿಡ್ ಹಿತ್ತಾಳೆ ಮೇಲಿನ ಆಕ್ಸೈಡ್ ಕರಗಿಸುತ್ತದೆ. ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್, ಇನ್ನೂ ಅಚ್ಚುಕಟ್ಟು. ನಾರು ಉಳಿಯಲ್ಲ. ಚೆನ್ನಾಗಿ ತೊಳೆದ ಮೇಲೆ ನೀರು ಲೋಹದ ಮೇಲೆ ಒಂದೇ ಹಾಳೆಯಾಗಿ ಹರಡಬೇಕು. ಹನಿಹನಿಯಾಗಿ ನಿಂತರೆ ಜಿಡ್ಡು ಇನ್ನೂ ಇದೆ ಅಂತ ಅರ್ಥ. ಅಲ್ಲಿಂದ ಮುಂದೆ ಬರಿಗೈಯಲ್ಲಿ ಮುಟ್ಟಬಾರದು.

ಇನ್ನೊಂದು ಮಾತು, ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಸೆಲೆನಿಯಂ ಸಂಯುಕ್ತಗಳು ವಿಷ. ನೈಟ್ರೈಲ್ ಗ್ಲೌಸ್, ಕನ್ನಡಕ ಹಾಕಿಕೊಳ್ಳಿ. ಕಿಟಕಿ ತೆರೆದಿರಲಿ. ಅಡುಗೆ ಮನೆಯ ಲೋಟ, ಚಮಚ ಒಂದನ್ನೂ ಬಳಸಬೇಡಿ. ಸೆಲೆನಿಯಂ ಜಾಸ್ತಿ ಮೈ ಸೇರಿದವರ ಉಸಿರಿನಲ್ಲಿ ಬೆಳ್ಳುಳ್ಳಿ ವಾಸನೆ ಬರುತ್ತದೆ. ಅದು ಡಾಕ್ಟರರ ಹತ್ತಿರ ಹೋಗಬೇಕಾದ ಲಕ್ಷಣ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಬಾಟಲಿ ಬೀಗದ ಒಳಗೇ ಇರಬೇಕು.

ಪೀಣ್ಯ ಟರ್ನರ್

ಉಕ್ಕಿನ ಭಾಗ ಇದ್ದರೆ ನಮ್ಮ ಪೀಣ್ಯ ಕಡೆ ಬ್ಲ್ಯಾಕೋಡೈಸಿಂಗ್ ಮಾಡುವ ಶಾಪ್‌ಗಳಿವೆ, ಕೊಟ್ಟರೆ ಮಾಡಿಕೊಡುತ್ತಾರೆ. ಕಾಸ್ಟಿಕ್ ಸೋಡಾ ಮತ್ತು ನೈಟ್ರೇಟ್ ಬೆರೆಸಿದ ಬಿಸಿ ತೊಟ್ಟಿ, ಸುಮಾರು 140 ಡಿಗ್ರಿ ಸೆಲ್ಸಿಯಸ್. ಕಬ್ಬಿಣದ ಕಪ್ಪು ಆಕ್ಸೈಡ್ ಪದರ ಬರುತ್ತದೆ. ಅಲೆನ್ ಬೋಲ್ಟ್ ಕಪ್ಪಗೆ ಇರುತ್ತದಲ್ವಾ, ಅದೇ. ತಣ್ಣನೆ ದ್ರಾವಣಕ್ಕಿಂತ ಗಟ್ಟಿ.

ಆದರೆ ಹುಷಾರು. ಅದು ಉಕ್ಕಿಗೆ ಮಾತ್ರ. ಸತುವಿನ ಎರಕ ಅಥವಾ ಅಲ್ಯೂಮಿನಿಯಂ ಆ ತೊಟ್ಟಿಗೆ ಬಿದ್ದರೆ ಕಾಸ್ಟಿಕ್ ಅದನ್ನು ತಿಂದುಹಾಕುತ್ತದೆ, ಹೈಡ್ರೋಜನ್ ಗ್ಯಾಸ್ ಬರುತ್ತದೆ. ಪ್ಲಾಸ್ಟಿಕ್ ಬುಷ್ ಇರುವ ಚಕ್ರವನ್ನೂ ಕೊಡಬೇಡಿ. ಮನೆಯಲ್ಲಂತೂ ಇದನ್ನು ಮಾಡಲೇಬೇಡಿ.

ಒಂದೆರಡು ಸಣ್ಣ ಉಕ್ಕಿನ ಸ್ಕ್ರೂ ಇದ್ದರೆ ಅಷ್ಟು ದೂರ ಹೋಗುವುದೂ ಬೇಡ. ಕಾಯಿಸಿ ನೋಡುತ್ತಾ ಇರಿ. ಮೊದಲು ಒಣ ಹುಲ್ಲಿನ ಬಣ್ಣ, ಆಮೇಲೆ ಕಂದು, ನೇರಳೆ, 300 ಡಿಗ್ರಿ ಹತ್ತಿರ ನೀಲಿ ಬರುತ್ತದೆ. ಇನ್ನೂ ಕಾಯಿಸಿ ಎಣ್ಣೆಗೆ ಹಾಕಿದರೆ ಕಪ್ಪು ಕೂರುತ್ತದೆ. ಇಕ್ಕಳ ಉದ್ದ ಇರಲಿ, ಎಣ್ಣೆ ಹೊತ್ತಿಕೊಳ್ಳುವ ಸಾಧ್ಯತೆ ಇದೆ, ಮುಚ್ಚಲು ತಗಡು ಪಕ್ಕದಲ್ಲೇ ಇಟ್ಟುಕೊಳ್ಳಿ.

ಬೀದರ್ ಕಡೆಯವ

ನಮಸ್ಕಾರ ರೀ ಎಲ್ಲರಿಗೂ. ನನಗೆ ರೈಲು ಮಾಡೆಲ್ ಗೊತ್ತಿಲ್ಲ. ಆದರೆ ಸತುವಿಗೆ ಕಪ್ಪು ಹಿಡಿಸುವ ವಿಷಯ ಬಂದಿದೆ, ನಮ್ಮೂರಿನ ಕೆಲಸ ಅದು, ಹೇಳದೆ ಇರಲಾರೆ.

ಬಿದ್ರಿ ಸಾಮಾನು ಬಹುಪಾಲು ಸತು, ಜೊತೆಗೆ ಸ್ವಲ್ಪ ತಾಮ್ರ. ಎರಕ ಹೊಯ್ದು, ಅರ ಹಾಕಿ ನುಣುಪು ಮಾಡಿದ ಮೇಲೆ ಮೈಲುತುತ್ತದ ನೀರು ಹಚ್ಚುತ್ತಾರೆ. ತಕ್ಷಣ ಮೈಯೆಲ್ಲ ಕಪ್ಪಾಗುತ್ತದೆ. ಆ ಕಪ್ಪಿನ ಮೇಲೆ ಮೊನೆಯಿಂದ ಹೂಬಳ್ಳಿ ಗೀರಿದರೆ ಗೆರೆ ಬೆಳ್ಳಗೆ ಕಾಣುತ್ತದೆ, ಕೆತ್ತಲು ಅನುಕೂಲ. ಬೆಳ್ಳಿ ಕೂರಿಸಿದ ಮೇಲೆ ಆ ಕಪ್ಪನ್ನು ಉಜ್ಜಿ ತೆಗೆದುಬಿಡುತ್ತಾರೆ. ಅದು ತಾತ್ಕಾಲಿಕ.

ಕೊನೆಯ ಕಪ್ಪು ಬೇರೆ. ಬೀದರ್ ಕೋಟೆಯ ಹಳೇ ಮಣ್ಣು ತಂದು, ನವಸಾಗರ ಮತ್ತು ನೀರು ಸೇರಿಸಿ, ಬೆಚ್ಚಗೆ ಮಾಡಿದ ಸಾಮಾನಿಗೆ ಹಚ್ಚುತ್ತಾರೆ. ಸತುವಿನ ಮೈ ಕಡುಗಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಆಮೇಲೆ ಎಣ್ಣೆ ಕೈ ಆಡಿಸುತ್ತಾರೆ. ಆ ಕಪ್ಪು ತಲೆಮಾರು ದಾಟಿ ಬಾಳುತ್ತದೆ ರೀ. ನಿಮ್ಮ ಕಪ್ಲರ್ ಸತುವಿನದ್ದಾದರೆ ಈ ದಾರಿ ನೋಡಬಹುದಲ್ಲ?

ಕೆಮಿಸ್ಟ್ರಿ ಮೇಡಂ, ಶಿವಮೊಗ್ಗ

ಎಂಥ ಒಳ್ಳೆಯ ವಿಷಯ ಎತ್ತಿದಿರಿ ಸರ್! ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್. ನಮ್ಮ ಮಲೆನಾಡಿನಲ್ಲಿ ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಅದೇ ಬೇಕು, ಪ್ರತಿ ತೋಟದ ಮನೆಯಲ್ಲೂ ಸಿಗುತ್ತದೆ. ಸತು ತಾಮ್ರಕ್ಕಿಂತ ಚುರುಕಾದ ಲೋಹ. ಅದು ತಾನು ಕರಗಿ, ದ್ರಾವಣದಲ್ಲಿರುವ ತಾಮ್ರವನ್ನು ಹೊರಗೆ ಹಾಕುತ್ತದೆ. ಆ ತಾಮ್ರ ತುಂಬಾ ನುಣ್ಣನೆ ಪುಡಿಯಾಗಿ ಬರುವುದರಿಂದ ಕೆಂಪಗೆ ಕಾಣದೆ ಕಪ್ಪಗೆ ಕಾಣುತ್ತದೆ. ಹಾಗಾಗಿಯೇ ಸಡಿಲ.

ಮಾಡೆಲ್ ಭಾಗಗಳ ಎರಕಕ್ಕೆ ಜಾಸ್ತಿ ಬಳಸುವುದು ಜಮಾಕ್. ಸತುವಿಗೆ ಸುಮಾರು ಶೇ. 4ರಷ್ಟು ಅಲ್ಯೂಮಿನಿಯಂ ಸೇರಿಸಿದ ಮಿಶ್ರಲೋಹ. ಸಾಮಾನ್ಯ ಜಮಾಕ್ 3ರಲ್ಲಿ ತಾಮ್ರ ಇಲ್ಲವೇ ಇಲ್ಲ ಅನ್ನಬಹುದು, ಜಮಾಕ್ 5ರಲ್ಲಿ ಶೇ. 1ರಷ್ಟು. ಬಿದ್ರಿಯ ಆ ಕೊನೆಯ ಕಪ್ಪು ಬರಲು ಲೋಹದಲ್ಲಿ ತಾಮ್ರ ಬೇಕು. ಆದ್ದರಿಂದ ಕೋಟೆ ಮಣ್ಣಿನ ವಿಧಾನ ಜಮಾಕ್ ಮೇಲೆ ಅದೇ ಗುಣದಲ್ಲಿ ಬರುತ್ತದೆ ಅಂತ ಆಸೆ ಇಟ್ಟುಕೊಳ್ಳಬಾರದು. ಮೈಲುತುತ್ತ ತುಂಬಾ ತೆಳ್ಳಗೆ ಮಾಡಿ ಹಚ್ಚಿದರೆ ಕಪ್ಪು ಖಂಡಿತ ಬರುತ್ತದೆ. ಅದನ್ನು ಮೃದುವಾಗಿ ತೊಳೆದು, ಒಣಗಿಸಿ, ಮೇಲೆ ಮ್ಯಾಟ್ ವಾರ್ನಿಷ್ ಕೊಡಬೇಕು. ಉಜ್ಜಾಟ ಇಲ್ಲದ ಬಫರ್ ಬೀಮ್, ಏಣಿ, ಪೆಟ್ಟಿಗೆ ಇಂಥವಕ್ಕೆ ಸಾಕು. ಚಲಿಸುವ ಭಾಗಕ್ಕೆ ಬೇಡ.

ಬೀದರ್ ಕಡೆಯವ

ಸರಿಯಾಗಿ ಹೇಳಿದಿರಿ ಮೇಡಂ. ತಾಮ್ರ ಕಡಿಮೆ ಬಿದ್ದ ಎರಕ ಸರಿಯಾಗಿ ಕಪ್ಪಾಗಲ್ಲ ಅಂತ ನಮ್ಮ ಕಡೆ ಕೆಲಸದವರೂ ಹೇಳುತ್ತಾರೆ.

ಹಳಿಜಾಡು, ಬೆಂಗಳೂರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹಿತ್ತಾಳೆ ದ್ರಾವಣ ಸಿಕ್ಕಿತು, ಊರಿಂದ ಬರುವವರೊಬ್ಬರು ತಂದುಕೊಟ್ಟರು. ಕೈಹಿಡಿ ತಂತಿಗಳು ಅದ್ಭುತವಾಗಿ ಬಂದಿವೆ. ಚಕ್ರಗಳದ್ದೇ ವಿಚಿತ್ರ. ಒಂದು ಪ್ಯಾಕೆಟ್ಟಿನ ಚಕ್ರಗಳು ಕಪ್ಪಾದವು. ಇನ್ನೊಂದು ಪ್ಯಾಕೆಟ್ಟಿನವು ಎಷ್ಟು ತೊಳೆದರೂ, ಎಷ್ಟು ಹೊತ್ತು ಹಚ್ಚಿದರೂ ಹೊಳೆಯುತ್ತಲೇ ಇವೆ. ಎರಡೂ ಹಿತ್ತಾಳೆ ಅಂತಲೇ ಬರೆದಿದೆ.

ಇನ್ನೊಂದು, ಕಪ್ಪಾದವುಗಳಲ್ಲಿ ಕೆಲವನ್ನು ಬಟ್ಟೆಯಲ್ಲಿ ಒರೆಸಿದರೆ ಮಸಿ ಬರುತ್ತಿದೆ.

ಡರ್ಬಿ ಕನ್ನಡಿಗ

ಹೊಳೆಯುತ್ತಿರುವವು ಹಿತ್ತಾಳೆಯೇ ಇರಬಹುದು, ಆದರೆ ಮೇಲೆ ನಿಕಲ್ ಪ್ಲೇಟಿಂಗ್ ಆಗಿದೆ. ಬದಲಿ ಚಕ್ರಗಳಲ್ಲಿ ಇದು ತುಂಬಾ ಸಾಮಾನ್ಯ. ಚಕ್ರದ ಹಿಂಭಾಗದಲ್ಲಿ, ಕಾಣದ ಕಡೆ, ಸಣ್ಣ ಅರದಿಂದ ಒಂದು ಗೀರು ಎಳೆಯಿರಿ. ಒಳಗೆ ಹಳದಿ ಕಂಡರೆ ಪ್ಲೇಟಿಂಗ್. ಒಳಗೂ ಬಿಳಿಯೇ ಇದ್ದರೆ ಗಟ್ಟಿ ನಿಕಲ್ ಸಿಲ್ವರ್. ಅಯಸ್ಕಾಂತ ಹಿಡಿದುಕೊಂಡರೆ ಉಕ್ಕು.

ಪ್ಲೇಟಿಂಗ್ ಇದ್ದರೆ ಅದನ್ನು ಕೆರೆದು ತೆಗೆಯಬೇಡಿ. ಓಡುವ ಮೈಗೆ, ಅಂದರೆ ಹಳಿಗೆ ತಾಗುವ ಭಾಗಕ್ಕೆ, ನಿಕಲ್ ಒಳ್ಳೆಯದು, ಬರೀ ಹಿತ್ತಾಳೆಗಿಂತ ಚೊಕ್ಕವಾಗಿ ಉಳಿಯುತ್ತದೆ. ಅಂಥ ಚಕ್ರದ ಮುಖಕ್ಕೆ ಮಾತ್ರ ತೆಳು ಬಣ್ಣ ಕೊಡಿ, ಮುಗಿಯಿತು. ಮುಖಕ್ಕೆ ಏನೂ ಉಜ್ಜುವುದಿಲ್ಲವಾದ್ದರಿಂದ ಅಲ್ಲಿ ಬಣ್ಣ ನಿಲ್ಲುತ್ತದೆ.

ಮಸಿ ಉದುರುವುದಕ್ಕೆ ಕಾರಣ ಬಹುತೇಕ ಒಂದೇ. ದ್ರಾವಣ ಹಾಗೇ ಗಟ್ಟಿಯಾಗಿ ಬಳಸಿದ್ದೀರಿ. ಗಟ್ಟಿ ಇದ್ದರೆ ಬೇಗ ಕಪ್ಪಾಗುತ್ತದೆ, ಆದರೆ ಪುಡಿಯಾಗಿ ಮೇಲೆ ಕೂರುತ್ತದೆ, ಲೋಹಕ್ಕೆ ಕಚ್ಚುವುದಿಲ್ಲ. ಒಂದು ಪಾಲು ದ್ರಾವಣಕ್ಕೆ ಐದರಿಂದ ಹತ್ತು ಪಾಲು ನೀರು ಸೇರಿಸಿ. ಅದ್ದಿ, ಕಂದು ಬಂದ ಕೂಡಲೇ ತೆಗೆಯಿರಿ. ನೀರಿನಲ್ಲಿ ತೊಳೆದು ಮೃದು ಬ್ರಷ್ಷಿನಲ್ಲಿ ಸಡಿಲ ಮಸಿ ತೆಗೆಯಿರಿ. ಮತ್ತೆ ಅದ್ದಿ. ಹೀಗೆ ಮೂರು ನಾಲ್ಕು ಸುತ್ತಿನಲ್ಲಿ ಬರುವ ಕಪ್ಪು ಬಟ್ಟೆಗೆ ಅಂಟಲ್ಲ. ಒಮ್ಮೆ ಬಳಸಿದ ದ್ರಾವಣವನ್ನು ಮತ್ತೆ ಮೂಲ ಬಾಟಲಿಗೆ ಸುರಿಯಬೇಡಿ, ಪೂರ್ತಿ ಬಾಟಲಿ ಕೆಡುತ್ತದೆ. ಉಕ್ಕಿನ ಚಿಮಟ ಅದ್ದಬೇಡಿ, ಅದೂ ಕಪ್ಪಾಗಿ ದ್ರಾವಣವನ್ನೂ ಬೇಗ ಮುಗಿಸುತ್ತದೆ. ಪ್ಲಾಸ್ಟಿಕ್ ಚಿಮಟ ಇಲ್ಲವೇ ಬಿದಿರಿನ ಕಡ್ಡಿ ಸಾಕು.

ಇಡೀ ಚಕ್ರ ಸೆಟ್ಟನ್ನು ಅದ್ದುವುದೂ ಬೇಡ. ಆಕ್ಸಲ್ ಉಕ್ಕಿನದಾದರೆ ಅದರ ಸೂಜಿ ತುದಿಗೂ ಕಪ್ಪು ಕೂರುತ್ತದೆ. ಆ ತುದಿ ನುಣುಪಾಗಿದ್ದರೆ ತಾನೇ ನೀವು ಹೇಳಿದ ಹಗುರ ಓಟ. ಹತ್ತಿ ಕಡ್ಡಿಯಲ್ಲಿ ಮುಖಕ್ಕೆ ಮಾತ್ರ ಹಚ್ಚಿ. ಓಡುವ ಮೈಗೆ ತಾಗಿದ್ದನ್ನು ಆಮೇಲೆ ಮೆಟಲ್ ಪಾಲಿಶ್‌ನಲ್ಲಿ ಉಜ್ಜಿ ತೆಗೆದು, ಪಾಲಿಶ್ ಉಳಿಯದ ಹಾಗೆ ಐಪಿಎ (ಐಸೊಪ್ರೊಪೈಲ್ ಆಲ್ಕೊಹಾಲ್) ಹಾಕಿ ಒರೆಸಿ. ಕರೆಂಟ್ ತೆಗೆದುಕೊಳ್ಳುವ ಚಕ್ರವಾದರೆ ಪಿಕಪ್ ಪಟ್ಟಿ ತಾಗುವ ಹಿಂಬದಿಯೂ ಹೊಳೆಯುತ್ತಿರಲಿ.

ಯಲಹಂಕದವರು

ನಾನು ಮಾಡೆಲ್ ಮಾಡುವವನಲ್ಲ. ಯಲಹಂಕದ ರೈಲು ಗಾಲಿ ಕಾರ್ಖಾನೆ ಹತ್ತಿರವೇ ಬೆಳೆದವನು, ಸ್ಟೇಷನ್ನಿನಲ್ಲಿ ನಿಂತು ಗಾಲಿ ನೋಡುವ ಚಟ ಈಗಲೂ ಬಿಟ್ಟಿಲ್ಲ. ಒಂದು ವಿಷಯ ಕೇಳಬೇಕು. ನೀವೆಲ್ಲ ಯಾಕೆ ಕಪ್ಪು ಕಪ್ಪು ಅನ್ನುತ್ತಿದ್ದೀರಿ? ನಿಜವಾದ ಗಾಲಿ ಕಪ್ಪಗಿರುವುದಿಲ್ಲ.

1984ರಲ್ಲಿ ಶುರುವಾದ ಈ ಕಾರ್ಖಾನೆಯಲ್ಲಿ ಹಳೇ ಉಕ್ಕಿನ ಗುಜರಿಯನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿ, ಗ್ರಾಫೈಟ್ ಅಚ್ಚಿಗೆ ಒತ್ತಡದಲ್ಲಿ ಏರಿಸಿ ಗಾಲಿ ಎರಕ ಹೊಯ್ಯುತ್ತಾರೆ. ಹೊಸ ಗಾಲಿ ಬೂದು ಬಣ್ಣ. ಓಡಲು ಶುರುವಾದ ಮೇಲೆ ಮುಖದ ಮೇಲೆ ತುಕ್ಕು, ಬ್ರೇಕಿನ ಧೂಳು, ಎಣ್ಣೆ, ಹಳಿಯ ಮಣ್ಣು ಎಲ್ಲ ಕೂತು ಕಂದು ಬಣ್ಣ ಬರುತ್ತದೆ. ಹಳಿಗೆ ತಾಗುವ ಭಾಗ ಮಾತ್ರ ಕನ್ನಡಿ. ಬ್ರೇಕ್ ಬ್ಲಾಕ್ ನೇರ ಗಾಲಿಗೇ ಒತ್ತುವ ಐಸಿಎಫ್ ಬೋಗಿಯ ಅಡಿ ಪೂರ್ತಿ ಆ ಧೂಳಿನದೇ ಬಣ್ಣ. ಹೊಸ ಮಾದರಿಯ ಎಲ್‌ಎಚ್‌ಬಿ ಬೋಗಿಯಲ್ಲಿ ಬ್ರೇಕ್ ಡಿಸ್ಕ್ ಆಕ್ಸಲ್ ಮೇಲೆ ಇರುವುದರಿಂದ ನೋಟ ಬೇರೆ. ಯಶವಂತಪುರದಲ್ಲಿ ಎರಡೂ ರೇಕ್ ಅಕ್ಕಪಕ್ಕ ನಿಂತಾಗ ಹೋಗಿ ನೋಡಿ.

ಹಳಿಜಾಡು, ಬೆಂಗಳೂರು

ಸರ್, ಇದು ನನಗೆ ತುಂಬಾ ಬೇಕಾಗಿದ್ದ ಮಾತು. ಹಾಗಾದರೆ ಕಪ್ಪು ಮಾಡಿ ಅದರ ಮೇಲೆ ಕಂದು ಕೊಡಬೇಕು, ಅಲ್ವಾ?

ಅಳತೆಯ ಬಗ್ಗೆ ಒಂದು ಮಾತು, ಬೇರೆಯವರಿಗೆ ಉಪಯೋಗ ಆಗಲಿ ಅಂತ. ನಮ್ಮ ಬೋಗಿಯ ಹೊಸ ಗಾಲಿ 915 ಮಿ.ಮೀ. ಅಂಗಡಿಯಲ್ಲಿ ಸಿಗುವ ಅಮೆರಿಕನ್ 36 ಇಂಚಿನ ಚಕ್ರ 914 ಮಿ.ಮೀ. ಎಚ್‌ಓದಲ್ಲಿ ಎರಡೂ 10.5 ಮಿ.ಮೀ. ಆಗುತ್ತದೆ. 33 ಇಂಚಿನದು ತಗೊಂಡರೆ ಬೋಗಿ ಕುಳ್ಳಗೆ ಕಾಣುತ್ತದೆ.

ಡರ್ಬಿ ಕನ್ನಡಿಗ

ಹೌದು, ಕಪ್ಪು ಅಡಿಪಾಯ ಮಾತ್ರ. ಅದರ ಮೇಲೆ ತುಕ್ಕಿನ ಬಣ್ಣದ ಪುಡಿ ಅಥವಾ ತೀರಾ ತೆಳು ಕಂದು ಬಣ್ಣ. ಕಪ್ಪಾದ ಲೋಹ ಸ್ವಲ್ಪ ಒರಟಾಗಿರುವುದರಿಂದ ಪುಡಿ ಚೆನ್ನಾಗಿ ಕಚ್ಚಿಕೊಳ್ಳುತ್ತದೆ. ಹೊಳೆಯುವ ಲೋಹದ ಮೇಲೆ ಅದೇ ಪುಡಿ ನಿಲ್ಲಲ್ಲ.

ವೈಪಿ ರಾಡುಗಳನ್ನು ಮಾತ್ರ ಕಡುಗಪ್ಪು ಮಾಡಬೇಡಿ, ಇದು ನನ್ನ ಗಟ್ಟಿ ಅಭಿಪ್ರಾಯ. ಸ್ಟೀಮ್ ಇಂಜಿನ್ನಿನ ರಾಡುಗಳು ಎಣ್ಣೆ ಕುಡಿದ ಉಕ್ಕು. ಶೆಡ್ಡಿನವರು ಒರೆಸಿ ಇಡುತ್ತಿದ್ದರು. ಹೊಳಪು ಒಳಗಿಂದ ಕಾಣಬೇಕು. ದ್ರಾವಣ ಇನ್ನೂ ತೆಳು ಮಾಡಿ ಬೂದು ಬರುವಷ್ಟಕ್ಕೆ ನಿಲ್ಲಿಸಿ. ಆಮೇಲೆ ಅಂಚುಗಳನ್ನು ಮೃದು ಬಟ್ಟೆಯಲ್ಲಿ ಉಜ್ಜಿದರೆ ಸವೆದ ಉಕ್ಕಿನ ನೋಟ ತಾನಾಗೇ ಬರುತ್ತದೆ. ಮೈಸೂರಿನ ರೈಲು ಮ್ಯೂಸಿಯಂನಲ್ಲಿ ಸ್ಟೀಮ್ ಇಂಜಿನ್ನುಗಳನ್ನು ಹತ್ತಿರದಿಂದ ನೋಡಬಹುದು. ಆದರೆ ಅಲ್ಲಿ ರಾಡಿಗೆ ಕಾಪಾಡಲು ಬಣ್ಣ ಹೊಡೆದಿದ್ದರೆ ಅದನ್ನೇ ಮಾದರಿ ಅಂದುಕೊಳ್ಳಬೇಡಿ. ಓಡುತ್ತಿದ್ದ ಕಾಲದ ಫೋಟೋ ನೋಡಿ.

ಮಾರ್ಕರ್ ಸಾಕು

ಇಷ್ಟೆಲ್ಲ ಯಾಕೆ? ಕಪ್ಪು ಪರ್ಮನೆಂಟ್ ಮಾರ್ಕರ್ ತಗೊಂಡು ಚಕ್ರದ ಮುಖಕ್ಕೆ ಎಳೆದರೆ ಐದು ನಿಮಿಷದ ಕೆಲಸ. ವಿಷ ಇಲ್ಲ, ತೊಳೆಯುವುದಿಲ್ಲ. ನನ್ನ ವ್ಯಾಗನ್‌ಗಳೆಲ್ಲ ಹಾಗೇ ಇವೆ.

ಪೀಣ್ಯ ಟರ್ನರ್

ಮಾರ್ಕರ್ ಶಾಯಿ ಬೆಳಕಿಗೆ ನೇರಳೆ ಹೊಡೆಯುತ್ತದೆ ಸರ್. ಐಪಿಎಯಲ್ಲಿ ಹಳಿ ಒರೆಸುವಾಗ ಸ್ವಲ್ಪ ತಾಗಿದರೂ ಬಿಟ್ಟುಬರುತ್ತದೆ.

ಡರ್ಬಿ ಕನ್ನಡಿಗ

ಮಾರ್ಕರ್ ಅವರ ಮಾತಿನಲ್ಲಿ ಒಂದು ಸತ್ಯ ಇದೆ, ಅದನ್ನು ಒಪ್ಪಬೇಕು. ಮನೆಯಲ್ಲಿ ಮಗು ಇದೆ, ಗಾಳಿ ಆಡುವ ಜಾಗ ಇಲ್ಲ ಅನ್ನುವವರು ಸೆಲೆನಿಯಂ ಮುಟ್ಟುವುದೇ ಬೇಡ. ಅವರಿಗೆ ಮಾರ್ಕರಿಗಿಂತ ಒಳ್ಳೆಯದು ನಿಯೋಲೂಬ್. ಗ್ರಾಫೈಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಕಲಸಿದ್ದು. ಬ್ರಷ್ಷಿನಲ್ಲಿ ಹಚ್ಚಿದರೆ ತಕ್ಷಣ ಒಣಗಿ ಇಸ್ತ್ರಿ ಮಾಡಿದಂಥ ತೆಳು ಕರಿಬೂದು ಪದರ ಉಳಿಯುತ್ತದೆ. ಪ್ಲಾಸ್ಟಿಕ್, ನಿಕಲ್ ಪ್ಲೇಟಿಂಗ್, ಸ್ಟೇನ್‌ಲೆಸ್ ಯಾವುದಕ್ಕೂ ಹಿಡಿಯುತ್ತದೆ. ನಯವಾಗಿಯೂ ಇರುತ್ತದೆ. ಐಪಿಎ ತಾಗಿದರೆ ಇದೂ ಬಿಡುತ್ತದೆ, ಅಷ್ಟು ನೆನಪಿರಲಿ.

ಒಂದೇ ಎಚ್ಚರಿಕೆ, ಅದು ದೊಡ್ಡ ಎಚ್ಚರಿಕೆ. ಗ್ರಾಫೈಟ್ ಕರೆಂಟ್ ಹಾಯಿಸುತ್ತದೆ. ಚಕ್ರ ಮತ್ತು ಆಕ್ಸಲ್ ನಡುವೆ ಇರುವ ಪ್ಲಾಸ್ಟಿಕ್ ಬುಷ್ ದಾಟಿ ಹಚ್ಚಿದರೆ ಎರಡು ಹಳಿಗಳ ನಡುವೆ ದಾರಿ ಮಾಡಿಕೊಟ್ಟ ಹಾಗೆ. ಡಿಸಿಸಿ, ಅಂದರೆ ಹಳಿಯ ಮೂಲಕ ಡಿಜಿಟಲ್ ಆಗಿ ರೈಲು ನಡೆಸುವ ವ್ಯವಸ್ಥೆ, ಇರುವ ಕಡೆ ಹಳಿಗೆ ಕರೆಂಟ್ ಕೊಡುವ ಬೂಸ್ಟರ್ ಟ್ರಿಪ್ ಆಗಬಹುದು. ಟ್ರಿಪ್ ಆಗದಷ್ಟು ಸಣ್ಣ ಸೋರಿಕೆ ಇನ್ನೂ ತಲೆನೋವು. ರೈಲು ಹಳಿಯ ಯಾವ ಬ್ಲಾಕಿನಲ್ಲಿ (ತುಂಡಿನಲ್ಲಿ) ಇದೆ ಅಂತ ಪತ್ತೆ ಹಚ್ಚಲು ನಾವೇ ಬೇಕೆಂದು ಆಕ್ಸಲ್‌ಗೆ 10 ಕಿಲೋ ಓಮ್ ರೆಸಿಸ್ಟರ್ ಅಂಟಿಸುತ್ತೇವೆ. ಬೇಡದ ಕಡೆ ಗ್ರಾಫೈಟ್ ಅದೇ ಕೆಲಸ ಮಾಡಿದರೆ ಸಿಗ್ನಲ್ ಎಲ್ಲ ಸುಳ್ಳು ಹೇಳುತ್ತವೆ. ಬುಷ್ ಸುತ್ತ ಒಂದು ಉಂಗುರದಷ್ಟು ಜಾಗ ಬಿಟ್ಟು ಹಚ್ಚಿ, ಆಮೇಲೆ ಮೀಟರ್ ಹಿಡಿದು ಎರಡೂ ಚಕ್ರದ ನಡುವೆ ನೋಡಿ.

ಮಾರ್ಕರ್ ಸಾಕು

ಮೀಟರ್ ಹಿಡಿದು ನೋಡುವುದು ಗೊತ್ತಿರಲಿಲ್ಲ. ಗ್ರಾಫೈಟ್ ತರಿಸುತ್ತೇನೆ.

ಕರಾವಳಿ ಹಳಿ, ಮಂಗಳೂರು

ಯಾರೂ ಮಳೆಗಾಲದ ಬಗ್ಗೆ ಬರೆದಿಲ್ಲ. ನಮ್ಮಲ್ಲಿ ಜೂನ್ ಬಂತೆಂದರೆ ಕಪ್ಪು ಮಾಡಿದ ಉಕ್ಕಿಗೆ ಕೆಂಪು ತುಕ್ಕು, ಹಿತ್ತಾಳೆಗೆ ಹಸಿರು ಕಿಲುಬು. ಕಾರಣ ಗಾಳಿ ಒಂದೇ ಅಲ್ಲ, ಸಂದಿನಲ್ಲಿ ಉಳಿದ ಆಸಿಡ್ ಕೂಡ. ಕಪ್ಪು ಬಂದ ಮೇಲೆ ನೀರಿನಲ್ಲಿ ತೊಳೆದು, ಅಡುಗೆ ಸೋಡಾ ಕರಗಿಸಿದ ನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು, ಮತ್ತೆ ತೊಳೆಯಿರಿ. ಆಗ ಆಸಿಡ್ ಸಾಯುತ್ತದೆ. ಕೂದಲು ಒಣಗಿಸುವ ಡ್ರೈಯರಿನಲ್ಲಿ ಒಣಗಿಸಿ. ವೈಟ್‌ಮೆಟಲ್ ಭಾಗ ಅಂಟಿಸಿದ್ದರೆ ಬಿಸಿ ಕಡಿಮೆ ಇರಲಿ.

ಆಮೇಲೆ ಚಲಿಸುವ ಭಾಗಕ್ಕೆ ಹೊಲಿಗೆ ಮಿಷನ್ ಎಣ್ಣೆ ಒಂದು ಹನಿ ಬಟ್ಟೆಗೆ ಹಾಕಿ ಒರೆಸಿ. ನಿಂತಿರುವ ಭಾಗಕ್ಕೆ ಮ್ಯಾಟ್ ವಾರ್ನಿಷ್. ಎಣ್ಣೆ ಹಚ್ಚಿದ ಮೇಲೆ ವಾರ್ನಿಷ್ ಅಥವಾ ಪುಡಿ ನಿಲ್ಲಲ್ಲ, ಎರಡರಲ್ಲಿ ಒಂದೇ. ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ.

ಬೆಂಗಳೂರಿನವರಿಗೆ ಇನ್ನೊಂದು ಮಾತು. ಬೋರ್‌ವೆಲ್ ನೀರಿನಲ್ಲಿ ತೊಳೆದರೆ ಒಣಗಿದ ಮೇಲೆ ಬಿಳಿ ಕಲೆ ಉಳಿಯುತ್ತದೆ, ಕಪ್ಪಿನ ಮೇಲೆ ಇನ್ನೂ ಎದ್ದು ಕಾಣುತ್ತದೆ. ಕೊನೆಯ ತೊಳೆತಕ್ಕೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬಳಸಿ. ದ್ರಾವಣ ತೆಳು ಮಾಡುವುದಕ್ಕೂ ಅದೇ.

ಹಳಿಜಾಡು, ಬೆಂಗಳೂರು

ಬಫರ್ ಬಗ್ಗೆ ಕೇಳುವುದು ಮರೆತೆ. ವೈಟ್‌ಮೆಟಲ್‌ಗೆ ಹಿತ್ತಾಳೆ ದ್ರಾವಣ ನಡೆಯುತ್ತದಾ? ಮತ್ತೆ ಉಳಿದ ದ್ರಾವಣ ಎಲ್ಲಿ ಚೆಲ್ಲಬೇಕು?

ಕೆಮಿಸ್ಟ್ರಿ ಮೇಡಂ, ಶಿವಮೊಗ್ಗ

ವೈಟ್‌ಮೆಟಲ್ ತವರ ಸೇರಿದ ಮಿಶ್ರಲೋಹ, ಹಳೆಯ ಕಿಟ್‌ಗಳಲ್ಲಿ ಸೀಸವೂ ಇರುತ್ತದೆ. ಹಿತ್ತಾಳೆ ದ್ರಾವಣ ಅದರ ಮೇಲೆ ಸರಿಯಾಗಿ ಹಿಡಿಯಲ್ಲ. ಇದೇ ಕಾರಣಕ್ಕೆ ಹಿತ್ತಾಳೆ ಭಾಗದಲ್ಲಿ ಬೆಸುಗೆ ಹಾಕಿದ ಗೆರೆ ಬೂದು ಬಣ್ಣದಲ್ಲೇ ಉಳಿಯುತ್ತದೆ, ಬೆಸುಗೆಯೂ ತವರವೇ ತಾನೇ. ಅಲ್ಲಿಗೆ ವೈಟ್‌ಮೆಟಲ್ ದ್ರಾವಣವನ್ನು ಸಣ್ಣ ಬ್ರಷ್ಷಿನಲ್ಲಿ ಹಚ್ಚಿ. ಬೆಸುಗೆ ಜಾಸ್ತಿ ಇದ್ದರೆ ಮೊದಲೇ ಕೆರೆದು ತೆಗೆಯುವುದು ಇನ್ನೂ ಒಳ್ಳೆಯದು. ಹಳೇ ವೈಟ್‌ಮೆಟಲ್‌ಗೆ ಅರ ಹಾಕಿದರೆ ಸೀಸದ ಪುಡಿ ಏಳುತ್ತದೆ. ಒದ್ದೆ ಮಾಡಿ ಉಜ್ಜಿ, ಕೆಲಸ ಆದ ಮೇಲೆ ಕೈ ತೊಳೆದೇ ಊಟಕ್ಕೆ ಕೂರಿ.

ಉಳಿದ ದ್ರಾವಣವನ್ನು ಸಿಂಕ್, ಚರಂಡಿ, ಗಿಡದ ಬುಡ ಎಲ್ಲಿಗೂ ಸುರಿಯಬೇಡಿ. ತಾಮ್ರ, ಸೆಲೆನಿಯಂ ಎರಡೂ ನೀರಿನ ಜೀವಿಗಳಿಗೆ ಕೆಡುಕು. ಕಡಿಮೆ ಕೆಲಸಕ್ಕೆ ಕಡಿಮೆ ದ್ರಾವಣ, ಬಾಟಲಿ ಮುಚ್ಚಳದಷ್ಟು ಸುರಿದುಕೊಂಡರೆ ತುಂಬಾ ಭಾಗ ಆಗುತ್ತದೆ. ಬಳಸಿದ್ದನ್ನು ಹೆಸರು ಬರೆದ ಪ್ಲಾಸ್ಟಿಕ್ ಬಾಟಲಿಯಲ್ಲಿ ಕೂಡಿಸಿಡಿ. ಊರಿನಲ್ಲಿ ಅಪಾಯಕಾರಿ ಕಸ ತೆಗೆದುಕೊಳ್ಳುವ ವ್ಯವಸ್ಥೆ ಇದ್ದರೆ ಅಲ್ಲಿಗೆ ಕೊಡಿ. ಪ್ಲೇಟಿಂಗ್ ಶಾಪ್‌ಗಳಲ್ಲಿ ಇಂಥ ನೀರನ್ನು ಶುದ್ಧ ಮಾಡುವ ಏರ್ಪಾಡು ಇರುತ್ತದೆ, ಪರಿಚಯ ಇದ್ದರೆ ಕೇಳಿನೋಡಿ.

ಪೀಣ್ಯ ಟರ್ನರ್

ನನ್ನ ಹತ್ತಿರ ತಂದುಕೊಡಿ ಹಳಿಜಾಡು ಸರ್. ನಮ್ಮ ಪಕ್ಕದ ಶಾಪಿನವರ ಹತ್ತಿರ ಮಾತಾಡುತ್ತೇನೆ. ಬಾಟಲಿ ಮೇಲೆ ಏನಿದೆ ಅಂತ ಸರಿಯಾಗಿ ಬರೆದಿರಬೇಕು, ಇಲ್ಲದಿದ್ದರೆ ಅವರು ಮುಟ್ಟಲ್ಲ.

ಹಳಿಜಾಡು, ಬೆಂಗಳೂರು

ಖಂಡಿತ ತರುತ್ತೇನೆ ಸರ್. ಕಡೆಯದಾಗಿ ಕಪ್ಲರ್ ಉಳಿದಿದೆ. ನನ್ನದು ಕೇಡಿ (Kadee) ಕಂಪನಿ ಮಾದರಿಯ ಲೋಹದ ಕಪ್ಲರ್.

ಡರ್ಬಿ ಕನ್ನಡಿಗ

ಅದನ್ನು ಯಾವ ದ್ರಾವಣಕ್ಕೂ ಅದ್ದಬೇಡಿ. ಒಳಗೆ ಕೂದಲಿನಷ್ಟು ಸಣ್ಣ ಸ್ಪ್ರಿಂಗ್ ಇದೆ. ಆಸಿಡ್ ಅಲ್ಲಿ ಉಳಿದರೆ ತೊಳೆದು ತೆಗೆಯಲು ಆಗಲ್ಲ. ಕೆಳಗೆ ಬಾಗಿದ ಕಡ್ಡಿ ಉಕ್ಕಿನದು, ಹಳಿಯ ನಡುವಿನ ಅಯಸ್ಕಾಂತ ಅದನ್ನು ಎಳೆದಾಗ ಕಪ್ಲರ್ ಬಿಡುತ್ತದೆ. ಅದಕ್ಕೆ ತುಕ್ಕಿನ ಬಣ್ಣವನ್ನು ಬ್ರಷ್ಷಿನಲ್ಲಿ ಹಚ್ಚಿ. ಕಪ್ಲರಿನ ಹೊರಮೈಗೂ ಅಷ್ಟೇ. ಬಾಯಿ ತೆರೆದು ಮುಚ್ಚುವ ಸಂದಿಗೆ, ಪೆಟ್ಟಿಗೆಯೊಳಗೆ ಕೂರುವ ಬಾಲಕ್ಕೆ ಬಣ್ಣ ಬೀಳಬಾರದು, ಅಲ್ಲಿಗೆ ಒಣ ಗ್ರಾಫೈಟ್ ಪುಡಿ ಒಂದು ಚಿಟಿಕೆ. ಬಣ್ಣ ಒಣಗುವ ಮೊದಲು ಬಾಯಿಯನ್ನು ಕೆಲವು ಸಲ ತೆರೆದು ಮುಚ್ಚಿ. ಒಣಗಿದ ಮೇಲೆ ಬೆರಳಿನಲ್ಲಿ ತೆರೆದು ಬಿಟ್ಟರೆ ತಾನಾಗಿ ಮುಚ್ಚಿಕೊಳ್ಳಬೇಕು. ಮುಚ್ಚಿಕೊಳ್ಳದಿದ್ದರೆ ಸಂದಿಗೆ ಬಣ್ಣ ಹೋಗಿದೆ, ಸೂಜಿಯಲ್ಲಿ ಕೆರೆದು ತೆಗೆದು ಆಮೇಲೆ ಬೋಗಿಗೆ ಹಾಕಿ.